ಚೆಂದದ ವಾಕ್ಯ ಕಟ್ಟುವ ಕೆಲಸ: ಕ್ರಿಯಾಪದದಿಂದ ಹೋಲಿಕೆಯವರೆಗೆ

ಬೇರೆಯವರ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಕಥೆ, ಪ್ರಬಂಧ, ಸ್ಮರಣ ಸಂಚಿಕೆಯ ಲೇಖನ, ನಿವೃತ್ತರ ಆತ್ಮಕಥೆ, ಏನು ಬಂದರೂ ತಿದ್ದುತ್ತೇನೆ. ವಾಕ್ಯ ಚೆಂದವಾಗಿ ಬರಲಿ ಎಂದು ಆಸೆಪಟ್ಟವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ಹೋಲಿಕೆ, ವಿಶೇಷಣ, ದೊಡ್ಡ ಪದಗಳನ್ನು ಮೊದಲೇ ತಂದು ಗುಡ್ಡೆ ಹಾಕುತ್ತಾರೆ. ಕ್ರಿಯಾಪದ ಬರುವ ಹೊತ್ತಿಗೆ ಸುಸ್ತಾಗಿ ಕೈಗೆ ಸಿಕ್ಕದ್ದನ್ನು ತುರುಕಿ ಪೂರ್ಣವಿರಾಮ ಹಾಕುತ್ತಾರೆ. ಗೋಡೆ ಏಳುವ ಮುಂಚೆಯೇ ಸುಣ್ಣದ ಬಕೆಟ್ಟು ಹಿಡಿದು ನಿಂತ ಹಾಗೆ. ಸಾಮಗ್ರಿಯಲ್ಲಿ ತಪ್ಪಿಲ್ಲ, ಸರದಿ ತಪ್ಪಿದೆ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂಬತ್ತನೆಯದನ್ನು ಮೊದಲು ಮಾಡುವ ಆಸೆ ಆಗುತ್ತದೆ, ಆಗಲಿ, ತಡೆದುಕೊಳ್ಳಿ. ಕೆಲಸಕ್ಕೆ ಒಂದು ಮಾದರಿ ವಾಕ್ಯ ಇಟ್ಟುಕೊಳ್ಳೋಣ. ಇದನ್ನು ಬರೆದವನು ನಾನೇ, ಆದರೆ ಇಂಥವು ನನ್ನ ಮೇಜಿಗೆ ವಾರಕ್ಕೆ ಹತ್ತು ಬರುತ್ತವೆ:

“ಹಿಟ್ಟಿನ ಗಿರಣಿಯು ನಮ್ಮ ಊರಿನ ಜನಜೀವನದ ಒಂದು ಅವಿಭಾಜ್ಯ ಅಂಗವಾಗಿತ್ತು ಮತ್ತು ಅದರ ಮಾಲೀಕನು ಬಿಳಿಯ ಹಿಟ್ಟಿನಿಂದ ಆವರಿಸಲ್ಪಟ್ಟ ಶರೀರವನ್ನು ಹೊಂದಿದ್ದು ಹಿಮಾಚ್ಛಾದಿತ ಪರ್ವತದಂತೆ ಭಾಸವಾಗುತ್ತಿದ್ದನು.”

ವ್ಯಾಕರಣದಲ್ಲಿ ಹುಳುಕಿಲ್ಲ. ಓದಿ ಮುಗಿಸಿದ ಮೇಲೆ ಕಣ್ಣ ಮುಂದೆ ಏನೂ ನಿಲ್ಲುವುದಿಲ್ಲ, ಅಷ್ಟೇ.

## ಕೈಯಲ್ಲಿ ಇರಬೇಕಾದದ್ದು

ಗೆರೆ ಹಾಕಿದ ನೋಟ್‌ಬುಕ್ಕು ಬೇಕು. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ತಿದ್ದುವುದಕ್ಕೆ ಖಾಲಿ ಇರಲಿ. ನೀಲಿ ಪೆನ್ನು, ಕೆಂಪು ಪೆನ್ನು, ಧ್ವನಿ ಮುದ್ರಿಸುವ ಸೌಲಭ್ಯವಿರುವ ಮೊಬೈಲ್. ನೇರ ಕಂಪ್ಯೂಟರಿನಲ್ಲೇ ಬರೆಯುವವರು ಬರೆಯಬಹುದು, ಆದರೆ ತಿದ್ದುವುದನ್ನು ಮುದ್ರಿಸಿದ ಹಾಳೆಯ ಮೇಲೆ ಮಾಡಿ. ಪರದೆಯ ಮೇಲೆ ಅಳಿಸಿದ ಪದ ಹೋಯಿತೆಂದರೆ ಹೋಯಿತು. ಹಾಳೆಯ ಮೇಲೆ ಹೊಡೆದುಹಾಕಿದ್ದು ಕಣ್ಣಿಗೆ ಕಾಣುತ್ತಿರುತ್ತದೆ, ಮನಸ್ಸು ಬದಲಾದರೆ ವಾಪಸು ಸಿಗುತ್ತದೆ.

ನಿಘಂಟು ಒಂದಾದರೂ ಇರಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮನೆಯಲ್ಲಿ ಇಟ್ಟುಕೊಳ್ಳಲು ಎಲ್ಲರಿಗೂ ಆಗದು, ಗ್ರಂಥಾಲಯದಲ್ಲಿ ನೋಡಬಹುದು. 1894ರ ಕಿಟೆಲ್ ನಿಘಂಟು ಅಂತರ್ಜಾಲದಲ್ಲೇ ಸಿಗುತ್ತದೆ. ಅದರಲ್ಲಿ ಅರ್ಥದ ಜೊತೆಗೆ ಗಾದೆ, ಬಳಕೆಯ ಮಾತುಗಳೂ ಇರುವುದರಿಂದ ಪದ ಯಾರ ಬಾಯಲ್ಲಿ ಹೇಗೆ ಕೂರುತ್ತಿತ್ತು ಎಂಬುದು ತಿಳಿಯುತ್ತದೆ. ಸಮಾನಾರ್ಥಕ ಪದಗಳ ಪಟ್ಟಿಯನ್ನು ಮಾತ್ರ ಆರನೆಯ ಹಂತದವರೆಗೆ ಮುಟ್ಟಬೇಡಿ. ಅನರ್ಥದ ಅರ್ಧ ಪಾಲು ಅಲ್ಲಿಂದಲೇ ಬರುತ್ತದೆ.

## ಹಂತ 1: ಬರೆಯುವ ಮುಂಚೆ ಹೇಳಿ

ಬರೆಯಬೇಕಾದದ್ದನ್ನು ಬೇರೆ ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದೀರಿ ಎಂದುಕೊಳ್ಳಿ. ಮೊಬೈಲಿನ ಮುದ್ರಣ ಒತ್ತಿ ಗಟ್ಟಿಯಾಗಿ ಹೇಳಿ. ಅಕ್ಕ ಕೇಳುವ ಪ್ರಶ್ನೆಗಳು ನಾಲ್ಕೇ: ಯಾರು, ಎಲ್ಲಿ, ಯಾವಾಗ, ಏನು ಮಾಡಿದರು. “ಗಿರಣಿ ಜನಜೀವನದ ಅವಿಭಾಜ್ಯ ಅಂಗವಾಗಿತ್ತು” ಎಂದು ಅಕ್ಕನಿಗೆ ಹೇಳಲು ನಿಮ್ಮ ನಾಲಿಗೆಯೇ ಹೊರಳುವುದಿಲ್ಲ. ಹೇಳಿದರೆ ಅವಳು “ಹುಷಾರಾಗಿದ್ದೀಯಾ?” ಎಂದು ಕೇಳುತ್ತಾಳೆ.

ನಾನು ಹೇಳಿ ನೋಡಿದಾಗ ಬಂದದ್ದು ಇಷ್ಟು: ಸಂಜೆ ಗಿರಣಿ ನಿಂತ ಮೇಲೆ ಅವನು ಹೊರಗೆ ಬರುತ್ತಿದ್ದ. ಮೈಯೆಲ್ಲ ಹಿಟ್ಟು. ಕಟ್ಟೆಯ ಮೇಲೆ ಕೂತು ಟವಲ್ಲಿನಿಂದ ಒರೆಸಿಕೊಳ್ಳುತ್ತಿದ್ದ. ಹುಬ್ಬಿನಲ್ಲಿ ಇದ್ದದ್ದು ಹೋಗುತ್ತಿರಲಿಲ್ಲ.

ಹುಬ್ಬು ಎಲ್ಲಿಂದ ಬಂತು ನೋಡಿ. ಬರೆಯಲು ಕೂತಾಗ ಅದು ನೆನಪಿಗೇ ಬಂದಿರಲಿಲ್ಲ, ಹೇಳುವಾಗ ಬಂತು. ಇದಕ್ಕಾಗಿಯೇ ಈ ಹಂತ.

ಮುದ್ರಿಸಿದ್ದನ್ನು ಇಳಿಸಿಕೊಳ್ಳುವಾಗ ಮಾತಿನ ಕ್ರಮ ಇಟ್ಟುಕೊಳ್ಳಿ, ಪದಗಳ ರೂಪವನ್ನು ಮಾತ್ರ ಬರಹದ್ದಾಗಿ ಬದಲಿಸಿ. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಅಭಿಪ್ರಾಯವನ್ನೂ ಕಂಡದ್ದನ್ನೂ ಕಲಸಿಬಿಡುವುದು. “ಅವನು ಶ್ರಮಜೀವಿ” ನಿಮ್ಮ ಅಭಿಪ್ರಾಯ. ಹುಬ್ಬಿನ ಹಿಟ್ಟು ನೀವು ಕಂಡದ್ದು. ಈ ಹಂತದಲ್ಲಿ ಕಂಡದ್ದು ಸಾಕು.

## ಹಂತ 2: ಕ್ರಿಯಾಪದವನ್ನು ಆರಿಸಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಓದುಗ ಅದಕ್ಕಾಗಿ ವಾಕ್ಯದುದ್ದಕ್ಕೂ ಕಾಯುತ್ತಾನೆ. ಕಾದವನಿಗೆ “ಆಗಿತ್ತು”, “ಹೊಂದಿತ್ತು”, “ಮಾಡಲಾಯಿತು” ಕೊಟ್ಟರೆ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ ಅನ್ನ ಬಡಿಸದೆ ಎಬ್ಬಿಸಿದ ಹಾಗಾಗುತ್ತದೆ.

ಮೊದಲು ನಿಮ್ಮ ಕರಡಿನ ಕ್ರಿಯಾಪದಗಳನ್ನಷ್ಟೇ ಎಡಪುಟದಲ್ಲಿ ಬರೆದುಕೊಳ್ಳಿ. ಮಾದರಿ ವಾಕ್ಯದಲ್ಲಿ ಸಿಗುವುದು: ಆಗಿತ್ತು, ಆವರಿಸಲ್ಪಟ್ಟ, ಹೊಂದಿದ್ದು, ಭಾಸವಾಗುತ್ತಿದ್ದನು. ಯಾರೂ ಏನೂ ಮಾಡಿಲ್ಲ. ಹೇಳಿ ಬರೆದ ರೂಪದಲ್ಲಿ ಸಿಗುವುದು: ನಿಂತ, ಬರುತ್ತಿದ್ದ, ಕೂತು, ಒರೆಸಿಕೊಳ್ಳುತ್ತಿದ್ದ, ಹೋಗುತ್ತಿರಲಿಲ್ಲ. ಪಟ್ಟಿಯಲ್ಲೇ ಅರ್ಧ ಕಥೆ ಇದೆ.

ಆಮೇಲೆ ಪ್ರತಿ ಕ್ರಿಯಾಪದಕ್ಕೂ ಕೇಳಿ: ಈ ಕೆಲಸಕ್ಕೆ ಜನ ಇದೇ ಪದ ಬಳಸುತ್ತಾರೆಯೇ? ನಮ್ಮಲ್ಲಿ ತರಕಾರಿ ಹೆಚ್ಚುತ್ತಾರೆ, ಪೈರು ಕೊಯ್ಯುತ್ತಾರೆ, ಮರ ಕಡಿಯುತ್ತಾರೆ, ಸೌದೆ ಸೀಳುತ್ತಾರೆ, ಕುಡಿ ಚಿವುಟುತ್ತಾರೆ, ಬಟ್ಟೆ ಕತ್ತರಿಸುತ್ತಾರೆ. ಎಲ್ಲಕ್ಕೂ “ಕತ್ತರಿಸಿದನು” ಎಂದು ಬರೆದರೆ ಅರ್ಥ ಹಾಳಾಗದು, ಆದರೆ ಬರೆದವನು ಅಡುಗೆಮನೆ, ಹೊಲ, ಹಿತ್ತಿಲು ಯಾವುದನ್ನೂ ಕಂಡವನಲ್ಲ ಎಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ನನ್ನ ಗಿರಣಿಯವನೂ “ಒರೆಸಿಕೊಳ್ಳುತ್ತಿದ್ದ” ಎಂಬಲ್ಲಿ ಸಿಕ್ಕಿಬಿದ್ದ. ಒಣಹಿಟ್ಟು ಒರೆಸಿದರೆ ಇನ್ನಷ್ಟು ಅಂಟುತ್ತದೆ, ಕೊಡವಿಕೊಳ್ಳಬೇಕು. ಕೆಂಪು ಪೆನ್ನಿನಿಂದ ತಿದ್ದಿದೆ: ಕೊಡವಿಕೊಳ್ಳುತ್ತಿದ್ದ.

ಇನ್ನು ಬೆನ್ನಿಗೆ ಬರುವ ಸಹಾಯಕ ಕ್ರಿಯಾಪದ. ವಿಶೇಷಣಗಳಿಗೆ ದುಡ್ಡು ಸುರಿಯುವವರು ಈ ಪುಕ್ಕಟೆ ಸಂಪತ್ತನ್ನು ನೋಡುವುದೇ ಇಲ್ಲ. ಒಲೆಯ ಪಕ್ಕದ ಹಾಲಿನ ಪಾತ್ರೆಯನ್ನೇ ತೆಗೆದುಕೊಳ್ಳಿ. “ಹಾಲು ಚೆಲ್ಲಿತು” ಎಂದರೆ ಬರೀ ಸುದ್ದಿ. “ಹಾಲು ಚೆಲ್ಲಿಹೋಯಿತು” ಎನ್ನುವಲ್ಲಿ ನಷ್ಟದ ಸಂಕಟ ಇದೆ, ಯಾರ ಮೇಲೂ ದೂರಿಲ್ಲ. “ಹಾಲು ಚೆಲ್ಲಿಬಿಟ್ಟಳು” ಎಂದಾಗ ಹೇಳುವವರ ಹುಬ್ಬು ಗಂಟಿಕ್ಕಿದೆ. “ಹಾಲು ಚೆಲ್ಲಿಕೊಂಡಳು” ಎಂದರೆ ಸೀರೆ ಒದ್ದೆ. ನಾಲ್ಕು ವಾಕ್ಯದಲ್ಲೂ ಒಂದು ವಿಶೇಷಣವಿಲ್ಲ.

ಎಚ್ಚರಿಕೆ: “ಬಿಟ್ಟ” ರುಚಿ ಹತ್ತಿದವರು ಅದನ್ನು ಬಿಡುವುದಿಲ್ಲ. ಬಂದುಬಿಟ್ಟ, ಕೂತುಬಿಟ್ಟ, ನಕ್ಕುಬಿಟ್ಟ. ಒಂದು ಪ್ಯಾರಾದಲ್ಲಿ ಎರಡನೆಯ “ಬಿಟ್ಟ” ಕಂಡರೆ ಒಂದನ್ನು ಹೊಡೆದುಹಾಕಿ.

## ಹಂತ 3: ಪದಗಳಿಗೆ ಜಾಗ ಹುಡುಕಿ

ವಿಭಕ್ತಿ ಪ್ರತ್ಯಯ ಇರುವುದರಿಂದ ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಉಳಿಯುತ್ತದೆ. ಅದಕ್ಕೇ ಅನೇಕರು ಪದದ ಜಾಗದ ಬಗ್ಗೆ ಯೋಚಿಸುವುದಿಲ್ಲ. ಆದರೆ ಕ್ರಿಯಾಪದಕ್ಕೆ ಸರಿಯಾಗಿ ಹಿಂದಿನ ಕುರ್ಚಿ ಗೌರವದ ಕುರ್ಚಿ. ಅಲ್ಲಿ ಕೂತ ಪದಕ್ಕೆ ಒತ್ತು ಬೀಳುತ್ತದೆ.

“ಅಪ್ಪ ಸಂತೆಯಿಂದ ಗಡಿಯಾರ ತಂದರು.” ಇಲ್ಲಿ ಸುದ್ದಿ ಗಡಿಯಾರ. “ಗಡಿಯಾರವನ್ನು ಸಂತೆಯಿಂದ ಅಪ್ಪ ತಂದರು.” ಚಿಕ್ಕಪ್ಪನಲ್ಲ, ಅಪ್ಪ. “ಅಪ್ಪ ಗಡಿಯಾರವನ್ನು ಸಂತೆಯಿಂದ ತಂದರು.” ಅಂದರೆ ಅಂಗಡಿಯದಲ್ಲ, ಅದಕ್ಕೇ ತಿಂಗಳೊಳಗೆ ನಿಂತಿತು. ಜೊತೆಗೆ “ಗಡಿಯಾರ” ಮತ್ತು “ಗಡಿಯಾರವನ್ನು” ನಡುವಿನ ವ್ಯತ್ಯಾಸವನ್ನೂ ಗಮನಿಸಿ. “ಅನ್ನು” ಬಂದ ಕೂಡಲೇ ಅದು ಮೊದಲೇ ಮಾತಿನಲ್ಲಿ ಬಂದ, ಇಬ್ಬರಿಗೂ ಗೊತ್ತಿರುವ ಗಡಿಯಾರವಾಗುತ್ತದೆ.

ವಿಶೇಷಣಗಳು ತಪ್ಪು ಮನೆಯ ಬಾಗಿಲು ತಟ್ಟದಂತೆ ನೋಡಿಕೊಳ್ಳಿ. “ಹೊಸ ಶಾಲೆಯ ಮೇಷ್ಟರು” ಎಂದರೆ ಹೊಸದು ಶಾಲೆಯೋ ಮೇಷ್ಟರೋ? “ಶಾಲೆಯ ಹೊಸ ಮೇಷ್ಟರು” ಎಂದರೆ ಗೊಂದಲ ಮುಗಿಯಿತು. “ನಿನ್ನೆ ಬಂದ ಪತ್ರ ಓದಿದೆ” ಎಂಬಲ್ಲಿ ಪತ್ರ ನಿನ್ನೆ ಬಂತೋ, ಓದಿದ್ದು ನಿನ್ನೆಯೋ? ಓದಿದ್ದು ನಿನ್ನೆಯಾದರೆ “ಬಂದ ಪತ್ರವನ್ನು ನಿನ್ನೆ ಓದಿದೆ”. ಅಲ್ಪವಿರಾಮ ಹಾಕಿದರೆ ಮಾತ್ರ ಅರ್ಥವಾಗುತ್ತದೆ ಎನ್ನುವ ಸ್ಥಿತಿ ಬಂದರೆ ಪದದ ಜಾಗ ತಪ್ಪಿದೆ ಎಂದೇ ತಿಳಿಯಿರಿ.

## ಹಂತ 4: ಉದ್ದ ಎಷ್ಟು ಬೇಕೋ ಅಷ್ಟು

ವರ್ಷಗಳ ಹಿಂದೆ ರಾಜ್ಯೋತ್ಸವದ ಸಭೆಯೊಂದರಲ್ಲಿ ನನ್ನ ಪ್ರಬಂಧ ಓದಿದೆ. ಒಂದು ವಾಕ್ಯ ಮುಕ್ಕಾಲು ಪುಟ ಇತ್ತು, ಬರೆದಾಗ ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಮೈಕಿನ ಮುಂದೆ ಅರ್ಧಕ್ಕೇ ಉಸಿರು ಮುಗಿಯಿತು. ನಿಂತು ಉಸಿರೆಳೆದುಕೊಂಡೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತು ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಅಜ್ಜಿಯ ತಪ್ಪಿಲ್ಲ. ಕ್ರಿಯಾಪದ ಇನ್ನೂ ಹನ್ನೊಂದು ಪದ ದೂರದಲ್ಲಿತ್ತು.

ಉದ್ದನೆಯ ವಾಕ್ಯ ಬರೆಯಬಾರದೆಂದಲ್ಲ. “ಎದ್ದು, ಮುಖ ತೊಳೆದು, ಹಸುವಿಗೆ ಹುಲ್ಲು ಹಾಕಿ” ಎಂದು ಒಂದರ ಹಿಂದೆ ಒಂದು ಪೋಣಿಸುವುದು ಕನ್ನಡಕ್ಕೆ ನೀರು ಕುಡಿದಷ್ಟು ಸುಲಭ. ಆದರೆ ಈ ಸರಕ್ಕೆ ಕಟ್ಟುಪಾಡು ಇದೆ: ಎಲ್ಲ ಕೆಲಸಗಳ ಕರ್ತೃ ಒಬ್ಬನೇ ಇರಬೇಕು. “ಅಮ್ಮ ಅಡುಗೆ ಮಾಡಿ ಮಕ್ಕಳು ಉಂಡರು” ಎಂದಾಗ ವಾಕ್ಯ ಕುಂಟುತ್ತದೆ. “ಅಮ್ಮ ಅಡುಗೆ ಮಾಡಿದ ಮೇಲೆ ಮಕ್ಕಳು ಉಂಡರು” ಎನ್ನಬೇಕು. “ಮಳೆ ಬಂದು ಕೆರೆ ತುಂಬಿತು” ಎಂಬಂತೆ ಒಂದು ಇನ್ನೊಂದಕ್ಕೆ ಕಾರಣವಾದಾಗ ಭಾಷೆ ವಿನಾಯಿತಿ ಕೊಡುತ್ತದೆ. ಸಂದೇಹ ಬಂದರೆ ಗಟ್ಟಿಯಾಗಿ ಓದಿ, ಕಿವಿ ಹೇಳುತ್ತದೆ. ಕಲಿಯುವ ದಿನಗಳಲ್ಲಿ ಒಂದು ಸರಕ್ಕೆ ಮೂರು ಮಣಿ ಸಾಕು.

ಇನ್ನೊಂದು ಬಗೆಯ ಉದ್ದ ಅಪಾಯಕಾರಿ. “ಮೊನ್ನೆ ಊರಿನಿಂದ ಬಂದಿದ್ದ ಅತ್ತೆ ತಂದುಕೊಟ್ಟ ಕೊಬ್ಬರಿ ಮಿಠಾಯಿ ಇಟ್ಟಿದ್ದ ಡಬ್ಬಿಯ ಮುಚ್ಚಳ ಕಳೆದುಹೋಯಿತು.” ಓದುಗ ಅತ್ತೆಯನ್ನು ಸ್ವಾಗತಿಸುತ್ತಾನೆ, ಅಷ್ಟರಲ್ಲಿ ಮಿಠಾಯಿ ಬರುತ್ತದೆ, ಅದಕ್ಕೆ ಕೈಚಾಚಿದರೆ ಡಬ್ಬಿ, ಕೊನೆಗೆ ಕೈಗೆ ಸಿಕ್ಕುವುದು ಮುಚ್ಚಳ, ಅದೂ ಇಲ್ಲ. ಒಡೆಯಿರಿ: “ಮೊನ್ನೆ ಅತ್ತೆ ಊರಿನಿಂದ ಕೊಬ್ಬರಿ ಮಿಠಾಯಿ ತಂದಿದ್ದರು. ಅದನ್ನಿಟ್ಟಿದ್ದ ಡಬ್ಬಿಯ ಮುಚ್ಚಳ ಕಾಣಿಸುತ್ತಿಲ್ಲ.” ಒಡೆಯುವ ನೆಪದಲ್ಲಿ “ಯಾವ ಡಬ್ಬಿಯಲ್ಲಿ ಮಿಠಾಯಿ ಇತ್ತೋ ಆ ಡಬ್ಬಿಯ” ಎಂದು ಮಾತ್ರ ಹೋಗಬೇಡಿ.

ಗಿರಣಿಯ ಕರಡು ಈಗ ಹೀಗಿದೆ: “ಸಂಜೆ ಆರರ ಹೊತ್ತಿಗೆ ಗಿರಣಿ ನಿಲ್ಲುತ್ತಿತ್ತು. ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಹೆಗಲ ಟವಲ್ಲಿನಿಂದ ಮೈ ಕೊಡವಿಕೊಳ್ಳುತ್ತಿದ್ದ. ಹುಬ್ಬಿನ ಹಿಟ್ಟು ಮಾತ್ರ ಹೋಗುತ್ತಿರಲಿಲ್ಲ.”

## ಹಂತ 5: ಕಳೆ ಕೀಳಿ

ಇಂಗ್ಲಿಷ್ ಪಠ್ಯ, ಸರ್ಕಾರಿ ಸುತ್ತೋಲೆ, ಅವಸರದ ಅನುವಾದ ಓದಿ ಓದಿ ನಮ್ಮ ಕೈಗೆ ಅಂಟಿದ ಕೆಲವು ಪದಗಳಿವೆ. ಕೆಂಪು ಪೆನ್ನು ಹಿಡಿದು ಇವನ್ನಷ್ಟೇ ಹುಡುಕುತ್ತಾ ಕರಡನ್ನು ಒಮ್ಮೆ ಓದಿ.

ಮೊದಲನೆಯದು “ಮತ್ತು”. ಎರಡು ನಾಮಪದಗಳ ನಡುವೆ ಸಹಿಸಬಹುದು. ಎರಡು ವಾಕ್ಯಗಳ ನಡುವೆ ಬಂದರೆ ಅಲ್ಲಿ ಪೂರ್ಣವಿರಾಮ ಹಾಕಿ ಮುಂದೆ ಹೋಗಿ. “ರಾಗಿ ಮತ್ತು ಜೋಳ ಎರಡನ್ನೂ ತಂದ” ಎನ್ನುವುದಕ್ಕೆ “ರಾಗಿಯನ್ನೂ ಜೋಳವನ್ನೂ ತಂದ” ಎಂದರಾಯಿತು, “ರಾಗಿ, ಜೋಳ ತಂದ” ಎಂದರೂ ಆಯಿತು.

“ಒಂದು” ಎಣಿಕೆಗೆ. “ಅದು ಒಂದು ಸುಂದರವಾದ ಸಂಜೆಯಾಗಿತ್ತು” ಎಂಬಲ್ಲಿ ಎರಡನೆಯ ಸಂಜೆ ಇರಲಿಲ್ಲವಲ್ಲ. ಒಂದನ್ನು ತೆಗೆದ ಮೇಲೆ “ಸುಂದರವಾದ” ಎಂಬುದರ ಕಡೆಗೂ ನೋಡಿ. ಗಾಳಿ ತಂಪಿತ್ತೋ, ಆಕಾಶ ಕೆಂಪಿತ್ತೋ, ಅದನ್ನು ಹೇಳಿ.

“ಲ್ಪಟ್ಟ” ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಏನನ್ನಾದರೂ ಅನುಭವಿಸಿದವನ ಕಡೆಯಿಂದ ಹೇಳಲು ಕನ್ನಡದ ಬಳಿ ಸೊಗಸಾದ ದಾರಿಗಳಿವೆ: ಏಟು ತಿಂದ, ಮೋಸ ಹೋದ, ಸಿಕ್ಕಿಬಿದ್ದ, ಬೈಸಿಕೊಂಡ. “ಮೇಷ್ಟರಿಂದ ಬೈಯಲ್ಪಟ್ಟನು” ಎಂದು ಬರೆದವನನ್ನು ಮೇಷ್ಟರು ಇನ್ನೊಮ್ಮೆ ಬೈದರೆ ನಾನು ತಡೆಯುವುದಿಲ್ಲ.

“ಹೊಂದಿದ್ದಾರೆ” ಇನ್ನೊಂದು ಕಳೆ. “ಅವರು ಎರಡು ಮಕ್ಕಳನ್ನು ಹೊಂದಿದ್ದಾರೆ” ಎಂಬುದನ್ನು “ಅವರಿಗೆ ಇಬ್ಬರು ಮಕ್ಕಳು” ಎಂದು ತಿದ್ದಿ ನೋಡಿ. ನಾಲ್ಕು ಪದ ಮೂರಾಯಿತು, ಕ್ರಿಯಾಪದವೇ ಬೇಕಾಗಲಿಲ್ಲ, ಮಕ್ಕಳೂ ಆಸ್ತಿಪತ್ರದಿಂದ ಮನೆಗೆ ಬಂದರು.

“ಸ್ವಚ್ಛಗೊಳಿಸುವ ಕಾರ್ಯವನ್ನು ಕೈಗೊಳ್ಳಲಾಯಿತು” ಎಂಬಂಥ ಬೊಜ್ಜು ಕಂಡಲ್ಲಿ ನಿಜವಾಗಿ ಆದದ್ದೇನು ಎಂದು ಕೇಳಿ. ಗುಡಿಸಿದರು. ಅಷ್ಟೇ ಬರೆಯಿರಿ.

ಒಂದು ಮಾತು ಸೇರಿಸಬೇಕು. ಕಳೆ ಕೀಳುವ ಹುರುಪಿನಲ್ಲಿ ಪೈರು ಕಿತ್ತವರನ್ನೂ ಕಂಡಿದ್ದೇನೆ. “ಮತ್ತು” ಎಂಬ ಪದವನ್ನೇ ಕಂಡರಾಗದವರು ಬರೆದ ಗದ್ಯ ಪಟ್ಟಿಯ ಹಾಗೆ ಕಡಿದು ಕಡಿದು ಬೀಳುತ್ತದೆ. ಪುಟಕ್ಕೆ ಎರಡು ಉಳಿದರೆ ಪ್ರಪಂಚ ಮುಳುಗದು. ಮೇಲೆ ಗಡಿಯಾರದ ಬಳಿ ನಾನೂ ಒಂದು ಉಳಿಸಿಕೊಂಡಿದ್ದೇನೆ.

## ಹಂತ 6: ಪದಗಳ ನೆಂಟಸ್ತಿಕೆ ನೋಡಿ

ಈಗ ಸಮಾನಾರ್ಥಕಗಳ ಪಟ್ಟಿ ತೆರೆಯಬಹುದು. ಆದರೆ ಒಂದೇ ಅರ್ಥದ ಪದಗಳು ಒಂದೇ ಮನೆಯಲ್ಲಿ ವಾಸಿಸುವುದಿಲ್ಲ. ಮೈಗೆ ಎಣ್ಣೆ ಹಚ್ಚುತ್ತೇವೆ, ದೇಹ ದಾನ ಮಾಡುತ್ತೇವೆ, ಒಡಲು ಉರಿಯುತ್ತದೆ. “ಶರೀರಕ್ಕೆ ಎಣ್ಣೆ ಹಚ್ಚಿಕೊಂಡರು” ಎಂದರೆ ಬಚ್ಚಲಮನೆಯಲ್ಲಿ ಔಷಧಾಲಯದ ವಾಸನೆ ಬರುತ್ತದೆ. ಸಾವಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ನಿಧನರಾದರು ಎನ್ನುವುದು ಪತ್ರಿಕೆ, ತೀರಿಕೊಂಡರು ಎನ್ನುವುದು ನೆರೆಮನೆಯವರು, ಹೋಗಿಬಿಟ್ಟರು ಎನ್ನುವುದು ಮಗಳು. ಹೇಳುತ್ತಿರುವವರು ಯಾರು ಎಂದು ತಿಳಿಯದೆ ಪದ ಆರಿಸಬೇಡಿ.

ಸಂಸ್ಕೃತ ಪದವನ್ನು ಕನ್ನಡ ಪದಕ್ಕೆ ಗಂಟು ಹಾಕಿದರೆ ಅದನ್ನು ವ್ಯಾಕರಣಕಾರರು ಅರಿಸಮಾಸ ಎಂದು ಬೈಯುತ್ತಾರೆ. ನಿಯಮವಾಗಿ ನೆನಪಿಡುವುದಕ್ಕಿಂತ ಕಿವಿಯಿಂದ ಹಿಡಿಯುವುದು ಸುಲಭ. “ಮನೆಗೆಲಸ” ಸರಿ, “ಗೃಹಕೃತ್ಯ”ವೂ ಸರಿ, “ಗೃಹಗೆಲಸ” ಎಂದರೆ ನಗು ಬರುತ್ತದೆ. “ದಿನಬಳಕೆ”ಯಂಥವು ಬಳಸಿ ಬಳಸಿ ಮೂಲೆ ಸವೆದು ನುಣುಪಾಗಿವೆ, ಅವನ್ನು ಬಿಡಿ. ನೀವೇ ಹೊಸದಾಗಿ ಪದ ಕಟ್ಟುವಾಗ ಮಾತ್ರ ಎರಡು ಸಲ ಉಚ್ಚರಿಸಿ ನೋಡಿ.

ಊರಿನ ಪದಗಳನ್ನು ಹೆದರದೆ ಬಳಸಿ, ಒಂದೊಂದಾಗಿ. ಹಿಟ್ಟಿನ ಗಿರಣಿಯನ್ನು ಮಿಲ್ಲು ಎನ್ನುವವರೂ ಬಹಳ ಇದ್ದಾರೆ. ನಿಮ್ಮ ಊರಿನಲ್ಲಿ ಏನೆನ್ನುತ್ತಾರೋ ಅದನ್ನೇ ಇಡಿ. ಒಂದೇ ಸಾಲಿನಲ್ಲಿ ಹೊರಗಿನವರಿಗೆ ತಿಳಿಯದ ಮೂರು ಪದ ಬಂದರೆ ಅವರು ಪುಟ ಮಗುಚುತ್ತಾರೆ.

## ಹಂತ 7: ಕಿವಿಗೆ ಒಪ್ಪಿಸಿ

ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಮುದ್ರಿಸಿ, ಬೇರೆ ಕೆಲಸ ಮಾಡುತ್ತಾ ಕೇಳಿ. ನಾಲಿಗೆ ತೊಡರಿದ ಜಾಗ, ಉಸಿರು ಸಾಲದ ಜಾಗ, ನಿಮಗೇ ಬೇಸರ ಬಂದ ಜಾಗಗಳಲ್ಲಿ ಗುರುತು ಹಾಕಿ.

ಕನ್ನಡ ಗದ್ಯಕ್ಕೆ ಹುಟ್ಟಿನಿಂದ ಬಂದ ಕಾಯಿಲೆ ಏನೆಂದರೆ ವಾಕ್ಯಗಳೆಲ್ಲ ಒಂದೇ ಸದ್ದಿನಲ್ಲಿ ಮುಗಿಯುವುದು. ಕ್ರಿಯಾಪದ ಕೊನೆಯಲ್ಲಿ, ಕಾಲ ಒಂದೇ, ಆದ್ದರಿಂದ ತ್ತಿತ್ತು, ತ್ತಿತ್ತು, ತ್ತಿತ್ತು. ಇದನ್ನು ಪತ್ತೆ ಹಚ್ಚಲು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಅಡಿಗೆರೆ ಎಳೆದು ಆ ಪದಗಳನ್ನಷ್ಟೇ ಓದಿ. ಮೇಲಿನ ಗಿರಣಿಯ ಕರಡಿನಲ್ಲಿ ಸಿಗುವುದು: ನಿಲ್ಲುತ್ತಿತ್ತು, ಕೊಡವಿಕೊಳ್ಳುತ್ತಿದ್ದ, ಹೋಗುತ್ತಿರಲಿಲ್ಲ. ಮೂರಕ್ಕೆ ಮೂರೂ “ತ್ತಿ”. ಬದಲಿಸಲೇಬೇಕು.

ಕ್ರಿಯಾಪದವಿಲ್ಲದ ವಾಕ್ಯ ಇದಕ್ಕೆ ಒಳ್ಳೆಯ ಮದ್ದು. ಇದು ಕನ್ನಡದಲ್ಲಿ ಸಹಜ: ಅವಳ ಊರು ಸಾಗರ. ಅವರಿಗೆ ಇಬ್ಬರು ಮಕ್ಕಳು. ಪ್ರಶ್ನೆ, ನಿಷೇಧ, “ಅಂತೆ” ಎಂಬ ಕೇಳಿದ ಮಾತು ಇವೂ ಆಗುತ್ತವೆ. ನಾನು ಕೊನೆಯ ವಾಕ್ಯವನ್ನು ಹೀಗೆ ಮಾಡಿದೆ: “ಹುಬ್ಬಿನ ಹಿಟ್ಟು ಮಾತ್ರ ಹಾಗೆಯೇ.” ಎರಡು ಚಲನೆಯ ವಾಕ್ಯಗಳ ನಂತರ ನಿಂತ ವಾಕ್ಯ, ಹಿಟ್ಟೂ ನಿಂತೇ ಇದೆ.

ಹೈಸ್ಕೂಲಿನಲ್ಲಿ ಕಲಿತ ಲಘು ಗುರು ಮರೆತಿಲ್ಲವಾದರೆ ಇಲ್ಲಿ ಕೆಲಸಕ್ಕೆ ಬರುತ್ತದೆ. “ಗಿರಣಿ ನಿಲ್ಲುತ್ತಿತ್ತು” ಎಂಬುದಕ್ಕೆ ಪ್ರಸ್ತಾರ ಹಾಕಿ. “ಗಿರಣಿ” ಮೂರು ಲಘು, ಚುರುಕಾಗಿ ತಿರುಗುತ್ತದೆ. “ನಿಲ್ಲುತ್ತಿತ್ತು” ಮೂರು ಗುರು, ಕೊನೆಗೊಂದು ಲಘು. ಕರೆಂಟು ತೆಗೆದ ಮೇಲೆ ಬೆಲ್ಟು ಭಾರವಾಗಿ ಸುತ್ತಿ ನಿಂತ ಹಾಗೆ ಕೇಳುತ್ತದೆ. ಇದನ್ನು ನಾನು ಯೋಜಿಸಿ ಬರೆಯಲಿಲ್ಲ, ಹೇಳುವಾಗ ತಾನಾಗಿ ಬಂತು. ಆದರೆ ಪ್ರಸ್ತಾರ ಹಾಕಿ ನೋಡಿದ್ದರಿಂದ ಆ ಜಾಗ ಮುಟ್ಟಬಾರದು ಎಂದು ತಿಳಿಯಿತು. ಹಾಗೆಂದು ಇಡೀ ಪ್ಯಾರಾವನ್ನು ನಾಲ್ಕು ನಾಲ್ಕು ಮಾತ್ರೆಗೆ ಹೊಂದಿಸಲು ಹೊರಟರೆ ಗದ್ಯ ಹೋಗಿ ಹರಿಕಥೆ ಆಗುತ್ತದೆ.

## ಹಂತ 8: ಚಿಹ್ನೆಗಳು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಉದ್ಗಾರ ಚಿಹ್ನೆ ಒಂದು ಪುಟಕ್ಕೆ ಒಂದು, ಅದೂ ಯಾರಾದರೂ ನಿಜವಾಗಿ ಕೂಗಿದರೆ. ಸಾಲುಚುಕ್ಕಿಗಳನ್ನು ತೆಗೆದುಹಾಕಿ; ಭಾವ ತುಂಬಿದೆ ಎಂದು ನೀವು ಅಂದುಕೊಂಡ ಕಡೆ ಓದುಗನಿಗೆ ಕಾಣುವುದು ಚುಕ್ಕಿ ಮಾತ್ರ. “ಬಂದು”, “ಮಾಡಿ”ಗಳ ಹಿಂದೆ ಪ್ರತಿ ಸಲ ಅ​ಲ್ಪವಿರಾಮ ಬೇಡ, ಆ ಪ್ರತ್ಯಯವೇ ಅಲ್ಪವಿರಾಮದ ಕೆಲಸ ಮಾಡುತ್ತದೆ.

## ಹಂತ 9: ಹೋಲಿಕೆ, ಕಟ್ಟಕಡೆಗೆ

ಈಗ ಸುಣ್ಣ ಬಳಿಯಬಹುದು, ಗೋಡೆ ಎದ್ದಿದೆ. ಹೋಲಿಕೆ ಬೇಕೆನಿಸಿದರೆ ಎರಡು ಪ್ರಶ್ನೆ ಕೇಳಿ. ಕಥೆ ಹೇಳುತ್ತಿರುವವನು ಆ ವಸ್ತುವನ್ನು ಕಂಡಿದ್ದಾನೆಯೇ? ಆ ವಸ್ತು ಈ ಜಾಗದ ಆಸುಪಾಸಿನಲ್ಲಿ ಇದೆಯೇ? ಬಯಲುಸೀಮೆಯ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತ ಹುಡುಗನಿಗೆ ಹಿಮಾಚ್ಛಾದಿತ ಪರ್ವತ ಕ್ಯಾಲೆಂಡರಿನಲ್ಲಿ ಮಾತ್ರ ಗೊತ್ತು. ಅವನು ದಿನಾ ನೋಡುವುದು ಅಡುಗೆಮನೆಯನ್ನು. ಹಾಗಾದರೆ: “ಲಟ್ಟಿಸುವ ಮುಂಚೆ ಒಣಹಿಟ್ಟಿನಲ್ಲಿ ಹೊರಳಿಸಿದ ಉಂಡೆಯ ಹಾಗೆ ಕೂತಿದ್ದ.” ದುಂಡಗಿನ ಆಳು, ಹಿಟ್ಟು, ಹುಡುಗನ ಹಸಿವು ಮೂರೂ ಬಂದವು.

ಮುತ್ತಿನಂಥ ಹಲ್ಲು, ಹಾಲಿನಂಥ ಬೆಳದಿಂಗಳು, ಬೆಣ್ಣೆಯಂಥ ಮನಸ್ಸು ಇವೆಲ್ಲ ಒಂದು ಕಾಲದಲ್ಲಿ ಯಾರೋ ಕಣ್ಣಿಟ್ಟು ನೋಡಿ ಹೇಳಿದ ಮಾತುಗಳೇ. ಈಗ ಅವನ್ನು ಬರೆಯುವಾಗ ನಾವು ನೋಡುತ್ತಿಲ್ಲ, ಅದೇ ಪರೀಕ್ಷೆ. ಹೋಲಿಕೆ ಚೆನ್ನಾಗಿದ್ದರೂ ಪಕ್ಕದ ವಾಕ್ಯವನ್ನು ಮಂಕು ಮಾಡಿದರೆ ತೆಗೆಯಿರಿ. ಉಂಡೆಯ ಹೋಲಿಕೆ ಇಟ್ಟಾಗ ಹುಬ್ಬಿನ ಹಿಟ್ಟು ಕಣ್ಣಿಗೆ ಬೀಳಲಿಲ್ಲ. ಅರ್ಧ ಗಂಟೆ ಒದ್ದಾಡಿ ಉಂಡೆಯನ್ನು ಹೊಡೆದುಹಾಕಿದೆ. ಎಡಪುಟದಲ್ಲಿ ಇದೆ, ಇನ್ನೆಲ್ಲಾದರೂ ಬಳಸಿಕೊಳ್ಳುತ್ತೇನೆ.

## ಅಪಾಯದ ಸೂಚನೆಗಳು

ಬರೆದ ವಾಕ್ಯವನ್ನು ಮನೆಯವರಿಗೆ ಓದಿದಾಗ ಅವರು “ಕನ್ನಡ ಬಹಳ ಚೆನ್ನಾಗಿದೆ” ಎಂದರೆ ಅನುಮಾನಿಸಿ. “ಅವನಿಗೆ ಕೆಮ್ಮು ಇತ್ತಾ?” ಎಂದು ಕೇಳಿದರೆ ವಾಕ್ಯ ಕೆಲಸ ಮಾಡಿದೆ.

ತಿದ್ದಿದಷ್ಟೂ ವಾಕ್ಯ ಉದ್ದವಾಗುತ್ತಿದ್ದರೆ ನೀವು ತಿದ್ದುತ್ತಿಲ್ಲ, ಸೇರಿಸುತ್ತಿದ್ದೀರಿ. ಎರಡನೆಯ ಹಂತಕ್ಕೆ ಹಿಂದಿರುಗಿ. ಎಷ್ಟು ತಿದ್ದಿದರೂ ಸರಿಹೋಗದ ವಾಕ್ಯದಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳು ಒಂದೇ ಕಂಬಳಿಯೊಳಗೆ ಮಲಗಿರುತ್ತವೆ; ಬೇರೆ ಬೇರೆ ವಾಕ್ಯ ಮಾಡಿ. ಒಂದು ಪದವನ್ನು ಸಮರ್ಥಿಸಿಕೊಳ್ಳಲು ನಿಮಗೆ ಐದು ನಿಮಿಷದ ವಿವರಣೆ ಬೇಕಾದರೆ ಆ ಪದ ಹೋಗಬೇಕು. ಮೆಚ್ಚಿನ ಲೇಖಕರ ಧಾಟಿ ನಿಮ್ಮ ಸಾಲಿನಲ್ಲಿ ಕೇಳಿಸಿದರೆ ಗಾಬರಿ ಬೇಡ, ಎಲ್ಲರಿಗೂ ಆಗುತ್ತದೆ. ಮೊದಲ ಹಂತದಂತೆ ಬಾಯಲ್ಲಿ ಹೇಳಿದರೆ ಆ ಧಾಟಿ ತಾನೇ ಕಳಚುತ್ತದೆ.

## ದಿನದ ಅಭ್ಯಾಸ ಮತ್ತು ನಿಲ್ಲಿಸುವ ಹೊತ್ತು

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಹತ್ತು ನಿಮಿಷ ಇಷ್ಟವಾದ ಗದ್ಯದ ಅರ್ಧ ಪುಟವನ್ನು ಕೈಯಲ್ಲಿ ನಕಲು ಮಾಡಿ. ಕಣ್ಣು ಹಾರಿ ಹೋಗುವ ಸಣ್ಣ ಅವ್ಯಯಗಳನ್ನು ಕೈ ಹಾರಿಸುವುದಿಲ್ಲ. ಎಲ್ಲಿ “ಏ” ಇದೆ, ಎಲ್ಲಿ “ಊ” ಇದೆ, ಎಲ್ಲಿ “ಅಂತೂ” ಇದೆ ಎಂಬುದು ಹೀಗೆ ಬರೆದರೇ ತಿಳಿಯುವುದು. ಉಳಿದ ಹತ್ತು ನಿಮಿಷದಲ್ಲಿ ಆ ದಿನ ಕಂಡ ಒಂದೇ ಸಂಗತಿಯನ್ನು ಮೂರು ವಾಕ್ಯದಲ್ಲಿ ಬರೆಯಿರಿ. ಬರೆದದ್ದನ್ನು ಅಂದೇ ತಿದ್ದಬೇಡಿ. ರಾತ್ರಿ ಕಳೆಯಲಿ, ಅದು ಬೇರೆಯವರು ಬರೆದ ಹಾಗೆ ಕಾಣಲಿ.

ಎಷ್ಟು ತಿದ್ದಬೇಕು ಎಂದು ಬಹಳ ಜನ ಕೇಳುತ್ತಾರೆ. ನನ್ನ ಲೆಕ್ಕ ಸರಳ: ನಿನ್ನೆ ಹೊಡೆದುಹಾಕಿದ ಪದವನ್ನು ಇಂದು ವಾಪಸು ಬರೆದು, ಅದನ್ನೇ ನಾಳೆ ಮತ್ತೆ ಹೊಡೆದುಹಾಕುವ ಹಾಗೆ ಕಂಡರೆ ಪೆನ್ನು ಮುಚ್ಚುತ್ತೇನೆ. ಗಿರಣಿಯ ಪ್ಯಾರಾದಲ್ಲಿ “ಹೆಗಲ” ಎಂಬ ಪದ ಮೂರು ದಿನ ಹೋಗಿ ಬಂದು ಮಾಡಿತು. ನಾಲ್ಕನೆಯ ದಿನ ಹೊರಗಿತ್ತು, ಹಾಗೇ ಬಿಟ್ಟೆ:

“ಸಂಜೆ ಆರರ ಹೊತ್ತಿಗೆ ಗಿರಣಿ ನಿಲ್ಲುತ್ತಿತ್ತು. ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಟವಲ್ಲಿನಿಂದ ಮೈ ಕೊಡವಿಕೊಳ್ಳುತ್ತಿದ್ದ. ಹುಬ್ಬಿನ ಹಿಟ್ಟು ಮಾತ್ರ ಹಾಗೆಯೇ.”